ಮಿಂಕ್‌ಗೆ ಬೇಕಾದ ಮನೆ

ಮಿಂಕ್ ಅಂದ್ರೆ ಮುಂಗುಸಿಯಂತೆ ಕಾಣುವ, ನೀರಲ್ಲೂ ಬೇಟೆಯಾಡುವ ಪ್ರಾಣಿ. ತುಪ್ಪಳಕ್ಕಾಗಿ ಇದನ್ನು ತಂತಿ ಪಂಜರದಲ್ಲಿ ಸಾಕ್ತಾರೆ. ಪಂಜರದಲ್ಲೇ ಹುಟ್ಟಿದ್ದು, ಅಭ್ಯಾಸ ಆಗಿರುತ್ತೆ ಅಂತ ನಾವು ಅಂದ್ಕೊಳ್ತೀವಿ. ನಿಜಾನಾ? ಮಾತು ಬಾರದ ಪ್ರಾಣಿಯನ್ನು ಕೇಳೋದು ಹೇಗೆ?

ಆಕ್ಸ್‌ಫರ್ಡ್‌ನ ಜಾರ್ಜಿಯಾ ಮೇಸನ್ ಮತ್ತು ಸಂಗಡಿಗರು ಬಾಗಿಲಿನ ಮೂಲಕ ಕೇಳಿದರು. ಒಂದು ಕೋಣೆಯಲ್ಲಿ ಈಜಲು ನೀರು, ಒಂದರಲ್ಲಿ ಆಟಿಕೆ, ಇನ್ನೊಂದರಲ್ಲಿ ಎತ್ತರದ ಹಲಗೆ. ಒಳಗೆ ಹೋಗಬೇಕಾದರೆ ತೂಕ ಕಟ್ಟಿದ ಬಾಗಿಲು ತಳ್ಳಬೇಕು. ತೂಕ ಹೆಚ್ಚಿಸುತ್ತಾ ಹೋದಾಗ ಮಿಂಕ್‌ಗಳು ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟಿದ್ದು ನೀರಿಗಾಗಿ. 24 ಗಂಟೆ ನೀರಿನ ಕೋಣೆ ಮುಚ್ಚಿದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿತು, ಹೆಚ್ಚುಕಡಿಮೆ ಊಟ ತಪ್ಪಿಸಿದಾಗ ಏರಿದಷ್ಟೇ. ಇದು 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಸುಮಾರು 70 ತಲೆಮಾರು ಪಂಜರದಲ್ಲೇ ಕಳೆದರೂ ಅವು ಈಜೋದನ್ನು ಮರೆತಿರಲಿಲ್ಲ. ಅಭ್ಯಾಸ ಆಗಿರುತ್ತೆ ಅನ್ನೋ ಮಾತನ್ನು ನಾವು ಇನ್ನು ಸುಲಭವಾಗಿ ಹೇಳೋ ಹಾಗಿಲ್ಲ.