ಸೆರೆಮನೆಯ ನಿವೇಶನವೂ ಪ್ರಜಾಭಿಪ್ರಾಯವೂ

ಶಾಲೆಯೋ ಆಸ್ಪತ್ರೆಯೋ ಬರುವುದೆಂಬ ಸುದ್ದಿ ಹಬ್ಬಿದರೆ, ಅದು ತಮ್ಮ ಊರಿಗೇ ಬರಲೆಂದು ಅರ್ಜಿ ಹಿಡಿದು ಹೊರಡದ ಮುಖಂಡರಿಲ್ಲ. ಸೆರೆಮನೆಯು ಬರುವುದೆಂದರೆ ಅದೇ ಮುಖಂಡರು ಅದೇ ಕಚೇರಿಗೆ ಬೇಡವೆಂಬ ಅರ್ಜಿಯನ್ನು ಒಯ್ಯುತ್ತಾರೆ. ಇದು ಮನುಷ್ಯಸ್ವಭಾವ, ಇದಕ್ಕಾಗಿ ಯಾರನ್ನೂ ಹಳಿಯಬೇಕಾದುದಿಲ್ಲ. ಆದರೆ ಇದರ ಪರಿಣಾಮವೇನೆಂಬುದನ್ನು ಮಹಾಜನರು ಯೋಚಿಸಬೇಕು. ಅರ್ಜಿಗಳ ಗದ್ದಲಕ್ಕೆ ಬೇಸತ್ತ ಅಧಿಕಾರಿಗಳು ಯಾರ ಅರ್ಜಿಯೂ ಬಾರದಿರತಕ್ಕ ಎಡೆಯನ್ನು ಹುಡುಕಲಾರಂಭಿಸುತ್ತಾರೆ. ಊರಿಲ್ಲದ ಬೋರೆ, ಮಾತನಾಡುವವರಿಲ್ಲದ ಗೋಮಾಳ, ಬಸ್ಸು ಹೋಗದ ಕಣಿವೆ ಅವರಿಗೆ ಪ್ರಶಸ್ತವಾಗಿ ತೋರುತ್ತವೆ. ಹೀಗೆ ರಾಜ್ಯದ ಒಂದು ಮುಖ್ಯ ಸಂಸ್ಥೆಯ ನಿವೇಶನವು ಸ್ಥಳದ ಯೋಗ್ಯತೆಯಿಂದಲ್ಲ, ವಿರೋಧದ ಅಭಾವದಿಂದ ನಿಶ್ಚಯವಾಗುತ್ತದೆ.

ಸೆರೆಮನೆಯಲ್ಲಿರುವವರು ಯಾರೆಂಬುದನ್ನು ಮೊದಲು ತಿಳಿಯಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ೨೦೨೨ನೆಯ ವರ್ಷಕ್ಕೆ ಕೊಟ್ಟ ಲೆಕ್ಕದಂತೆ, ಭಾರತದ ಸೆರೆಮನೆಗಳಲ್ಲಿದ್ದ ಪ್ರತಿ ನೂರು ಜನರಲ್ಲಿ ಸುಮಾರು ೭೬ ಮಂದಿ ವಿಚಾರಣಾಧೀನರು. ಎಂದರೆ, ಅವರ ಅಪರಾಧವು ಇನ್ನೂ ಸಿದ್ಧವಾಗಿರಲಿಲ್ಲ. ನೂರು ಜನರಿಗೆಂದು ಕಟ್ಟಿದ ಎಡೆಯಲ್ಲಿ ೧೩೧ ಜನರಿದ್ದರು. ಆದುದರಿಂದ ಸೆರೆಮನೆಯೆಂಬುದು ದುಷ್ಟರ ಕೂಟವೆಂದು ಭಾವಿಸಿ ಅದನ್ನು ಕಣ್ಣಿಗೆ ಬೀಳದಂತೆ ದೂರವಿಡಬೇಕೆನ್ನುವವರು ವಸ್ತುಸ್ಥಿತಿಯನ್ನರಿಯರು. ಅದು ಬಹುಮಟ್ಟಿಗೆ ನ್ಯಾಯಾಲಯದ ತೀರ್ಪಿಗಾಗಿ ಕಾದಿರುವವರ ಮನೆ. ಕನ್ನಡಿಗರಿಗಂತೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ೧೯೪೩ರ ಮಾರ್ಚಿ ತಿಂಗಳಲ್ಲಿ ಈಸೂರಿನ ಐವರು ದೇಶಭಕ್ತರನ್ನು ಗಲ್ಲಿಗೇರಿಸಿದುದು ಬೆಂಗಳೂರಿನ ಕೇಂದ್ರ ಸೆರೆಮನೆಯಲ್ಲಿ. ೧೯೭೫ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡವಾಣಿ, ಮಧು ದಂಡವತೆ ಮುಂತಾದ ನಾಯಕರನ್ನಿರಿಸಿದುದೂ ಅಲ್ಲಿಯೇ.

ಆ ಸೆರೆಮನೆಯ ಚರಿತ್ರೆಯಿಂದಲೇ ನಾವು ಮೊದಲ ಪಾಠವನ್ನು ಕಲಿಯಬಹುದು. ನಗರದ ನಡುಮಧ್ಯದಲ್ಲಿ, ನ್ಯಾಯಾಲಯಗಳಿಗೆ ಸಮೀಪದಲ್ಲಿದ್ದ ಅದನ್ನು ೨೦೦೦ದ ಸುಮಾರಿಗೆ ಊರಾಚೆಯ ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು. ತೆರವಾದ ನೆಲವನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಬಹಿರಂಗ ಸ್ಪರ್ಧೆಯನ್ನೇ ಏರ್ಪಡಿಸಿ, ವಿನ್ಯಾಸವನ್ನಾರಿಸಿ, ೨೦೦೮ರಲ್ಲಿ ಅದನ್ನು ಸ್ವಾತಂತ್ರ್ಯ ಉದ್ಯಾನವೆಂದು ಪ್ರಜೆಗಳಿಗೆ ಒಪ್ಪಿಸಲಾಯಿತು. ಇದು ಶ್ಲಾಘ್ಯವಾದುದು. ಆದರೆ ಊರಾಚೆಯೆಂದು ಆರಿಸಿದ ಪರಪ್ಪನ ಅಗ್ರಹಾರವು ಊರಾಚೆಯಾಗಿ ಉಳಿಯಲಿಲ್ಲ. ಬೆಂಗಳೂರು ಬೆಳೆದು ಅದನ್ನು ನಾಲ್ಕೂ ಕಡೆಯಿಂದ ಸುತ್ತುವರಿಯಿತು. ಕೈದಿಗಳ ಗುಪ್ತ ದೂರವಾಣಿಗಳನ್ನು ತಡೆಯಲು ಅಲ್ಲಿ ಹಾಕಿದ ಜಾಮರ್ ಯಂತ್ರಗಳಿಂದ ತಮ್ಮ ಮೊಬೈಲುಗಳೂ ಮೂಕವಾದುವೆಂದು ಸುತ್ತಲಿನ ನಿವಾಸಿಗಳು ೨೦೨೪ರಲ್ಲಿ ದೂರಿದರು. ದೂರವೆಂಬುದು ಒಂದು ತಲೆಮಾರಿನ ಮಾತು. ನಗರವು ಬಂದೇ ಬರುತ್ತದೆ. ದೂರವನ್ನೇ ಗುಣವೆಂದು ನಂಬಿ ಆರಿಸಿದ ಸ್ಥಳವು ಕೊನೆಗೆ ದೂರದ ಲಾಭವನ್ನೂ ಕಳೆದುಕೊಂಡು, ಸಾಮೀಪ್ಯದ ಲಾಭವನ್ನೂ ಪಡೆಯದೆ ಹೋಗುತ್ತದೆ.

ಮಂಗಳೂರಿನ ಸಂಗತಿಯು ಇನ್ನೂ ವಿಚಾರಾರ್ಹವಾಗಿದೆ. ಕೊಡಿಯಾಲಬೈಲಿನ ಜಿಲ್ಲಾ ಕಾರಾಗೃಹವು ಹಳೆಯದು, ಇಕ್ಕಟ್ಟಾದುದು. ೨೦೧೫ರ ನವೆಂಬರಿನಲ್ಲಿ ಅದರೊಳಗೆ ನಡೆದ ಹೊಡೆದಾಟದಲ್ಲಿ ಇಬ್ಬರು ಕೈದಿಗಳು ಹತರಾದರು. ೨೦೨೫ರಲ್ಲಿ ಅಲ್ಲಿಯೂ ಜಾಮರಿನ ಬಾಧೆಯು ಗೋಡೆಯನ್ನು ದಾಟಿ ನೆರೆಯ ಮನೆಗಳಿಗೂ ಕಚೇರಿಗಳಿಗೂ ತಟ್ಟಿ, ಜನರು ಪ್ರತಿಭಟಿಸಿದರು. ಹೊಸ ಕಾರಾಗೃಹಕ್ಕೆಂದು ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಮುಡಿಪುವನ್ನು ಆರಿಸಲಾಯಿತು. ವಿಶಾಲವಾದ ನೆಲವು ಬೇಕೆಂಬುದು ನಿರ್ವಿವಾದ. ಆದರೆ ನ್ಯಾಯಾಲಯದ ಬಳಿಯಿರುವ ಸೆರೆಮನೆಯನ್ನು ಬಿಟ್ಟು ಇಪ್ಪತ್ತು ಕಿಲೋಮೀಟರ್ ಆಚೆಗೆ ಹೋಗುವಾಗ, ಆ ಹಾದಿಯನ್ನು ದಿನವೂ ತುಳಿಯತಕ್ಕವರು ಯಾರು, ಅದರ ವೆಚ್ಚವನ್ನು ಹೊರತಕ್ಕವರು ಯಾರು ಎಂಬ ಪ್ರಶ್ನೆಯನ್ನು ನೆಲದ ವಿಸ್ತಾರದಷ್ಟೇ ಗಂಭೀರವಾಗಿ ಕೇಳಬೇಕಾಗುತ್ತದೆ.

ಈ ಪ್ರಶ್ನೆಯ ಭಾರವು ನಗರವಾಸಿಗಳಿಗಿಂತ ಮಲೆನಾಡಿನವರಿಗೆ ಚೆನ್ನಾಗಿ ತಿಳಿಯುತ್ತದೆ. ಸಕಲೇಶಪುರ ತಾಲ್ಲೂಕಿನ ಮಾರನಹಳ್ಳಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಶಿರಾಡಿ ಘಾಟಿಯ ನೆತ್ತಿಯಲ್ಲಿರುವ ಆ ಊರಿನ ಕಾಫಿ ತೋಟದ ಕೂಲಿಯೊಬ್ಬನು ಯಾವುದೋ ಆರೋಪಕ್ಕೊಳಗಾಗಿ ಹಾಸನದ ಜಿಲ್ಲಾ ಕಾರಾಗೃಹವನ್ನು ಸೇರಿದನೆನ್ನೋಣ. ಅವನನ್ನು ನೋಡಬೇಕಾದರೆ ಹೆಂಡತಿಯು ಮೊದಲು ಸಕಲೇಶಪುರಕ್ಕೆ ಬರಬೇಕು. ಅಲ್ಲಿಂದ ಹಾಸನಕ್ಕೆ ಇನ್ನೂ ಸುಮಾರು ನಲವತ್ತು ಕಿಲೋಮೀಟರ್. ಒಂದು ದಿನದ ಕೂಲಿ ಹೋಯಿತು, ಬುತ್ತಿಯ ಖರ್ಚು ಬಂತು, ಮರಳಿ ಬರುವಾಗ ಕತ್ತಲಾದರೆ ತೋಟದ ದಾರಿಯಲ್ಲಿ ಆನೆಯ ಭಯ. ಆಲೂರು, ಸಕಲೇಶಪುರದ ಜನರಿಗೆ ಆ ಭಯವು ಕಥೆಯ ಮಾತಲ್ಲ. ಆನೆಯ ಕಾಲಿಗೆ ಸಿಕ್ಕಿ ಸತ್ತವರ ಮನೆಗಳು ಆ ಸೀಮೆಯಲ್ಲಿ ಅನೇಕವಿವೆ. ಮಳೆಗಾಲದಲ್ಲಿ ಹಾದಿಯೇ ಇರುತ್ತದೆಂಬ ಭರವಸೆಯಿಲ್ಲ. ೨೦೧೮ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚಿತು; ೨೦೨೪ರ ಜುಲೈಯಲ್ಲಿ ದೋಣಿಗಾಲಿಗೂ ಮಾರನಹಳ್ಳಿಗೂ ನಡುವಣ ದೊಡ್ಡತಪ್ಪಲೆಯಲ್ಲಿ ಮಣ್ಣು ಹೆದ್ದಾರಿಯ ಮೇಲೆಯೇ ಇಳಿಯಿತು; ಅದೇ ತಿಂಗಳು ಎಡಕುಮೇರಿಯ ಬಳಿ ರೈಲುಹಾದಿಯೂ ಕುಸಿಯಿತು. ಇಂಥ ಸೀಮೆಯಲ್ಲಿ ಸರ್ಕಾರಿ ಭೂಮಿಯು ಸುಲಭವಾಗಿ ಸಿಕ್ಕುವುದೆಂಬ ಒಂದೇ ಕಾರಣದಿಂದ ಯಾವುದೋ ಇಳಿಜಾರಿನಲ್ಲಿ ಸೆರೆಮನೆಯನ್ನು ಕಟ್ಟಿದರೆ, ಶಿಕ್ಷೆಯು ಕೈದಿಗಾಗುವುದಿಲ್ಲ, ಅವನ ಮನೆಯವರಿಗಾಗುತ್ತದೆ.

ಇನ್ನು ಶಾಸನವೇನು ಹೇಳುತ್ತದೆ? ೨೦೧೪ರ ಜನವರಿ ೧ರಿಂದ ಜಾರಿಗೆ ಬಂದ ಭೂಸ್ವಾಧೀನ ಶಾಸನದಂತೆ, ಖಾಸಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಮುನ್ನ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು, ಸ್ಥಳದಲ್ಲಿಯೇ ಸಾರ್ವಜನಿಕರ ಅಹವಾಲನ್ನು ಕೇಳಬೇಕು. ಸರ್ಕಾರವು ತನ್ನ ಸ್ವಂತ ಉಪಯೋಗಕ್ಕೆ ಪಡೆಯುವ ಭೂಮಿಗೆ ಜನರ ಒಪ್ಪಿಗೆ ಬೇಕಿಲ್ಲ. ಮಾತು ಕೇಳಿದರೆ ಸಾಕು. ೨೦೧೯ರಲ್ಲಿ ಕರ್ನಾಟಕವು ಮಾಡಿಕೊಂಡ ತಿದ್ದುಪಡಿಯಿಂದ ಕೆಲವು ಬಗೆಯ ಯೋಜನೆಗಳಿಗೆ ಆ ಅಧ್ಯಯನದಿಂದಲೂ ವಿನಾಯಿತಿ ಕೊಡಲು ಅವಕಾಶವಾಯಿತು. ಭೂಮಿಯು ಮೊದಲೇ ಸರ್ಕಾರದ್ದಾಗಿದ್ದರಂತೂ ಸ್ವಾಧೀನದ ಪ್ರಶ್ನೆಯೇ ಏಳದು. ಆದಕಾರಣ ಆ ಶಾಸನದ ಅಹವಾಲೂ ಇಲ್ಲ. ಗೋಮಾಳವು ಕಡತದಲ್ಲಿ ಸರ್ಕಾರದ ಭೂಮಿ. ಊರಿನವರಿಗೆ ಅದು ದನಗಳ ಮೇವು, ಸೌದೆ, ಹಾದಿ, ಜಾತ್ರೆಯ ಬಯಲು. ಎಲ್ಲಿ ಜನರನ್ನು ಕೇಳಬೇಕಾದುದು ಹೆಚ್ಚು ಅಗತ್ಯವೋ ಅಲ್ಲಿಯೇ ಕೇಳದಿರಲು ದಾರಿಯಿದೆಯೆಂಬುದು ವಿಷಾದದ ಸಂಗತಿ.

ಪರದೇಶದ ಒಂದು ನಿದರ್ಶನವು ಇಲ್ಲಿ ಉಪಯುಕ್ತವಾದೀತು. ನ್ಯೂಯಾರ್ಕ್ ನಗರದವರು ತಮ್ಮ ಸೆರೆಮನೆಯನ್ನು ರೈಕರ್ಸ್ ಎಂಬ ನಡುಗಡ್ಡೆಯಲ್ಲಿರಿಸಿ ಬಹುಕಾಲ ನಿಶ್ಚಿಂತರಾಗಿದ್ದರು. ಕಣ್ಣಿಗೆ ಬೀಳದ ಆ ಎಡೆಯಲ್ಲಿ ಹಿಂಸೆಯೂ ಅಲಕ್ಷ್ಯವೂ ಬೆಳೆದುವು. ಕೊನೆಗೆ ೨೦೧೯ರ ಅಕ್ಟೋಬರಿನಲ್ಲಿ ನಗರಸಭೆಯು ಅದನ್ನು ಮುಚ್ಚಿ, ನಾಲ್ಕು ವಿಭಾಗಗಳಲ್ಲಿ ನಾಲ್ಕು ಚಿಕ್ಕ ಸೆರೆಮನೆಗಳನ್ನು ಕಟ್ಟತಕ್ಕದ್ದೆಂದು ನಿರ್ಣಯಿಸಿತು. ನ್ಯಾಯಾಲಯಕ್ಕೂ ಕುಟುಂಬಕ್ಕೂ ಸಮೀಪವಾಗಿರಬೇಕೆಂಬುದೇ ಅದರ ತತ್ತ್ವ. ಅಲ್ಲಿಯೂ ನೆರೆಯವರು ಸಭೆಗಳಲ್ಲಿ ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಮತಕ್ಕೆ ಹಾಕುವ ಮುನ್ನ ಕಟ್ಟಡಗಳ ಎತ್ತರವನ್ನು ತಗ್ಗಿಸಲಾಯಿತು. ದೂರವಿಟ್ಟುದನ್ನು ಮತ್ತೆ ಹತ್ತಿರ ತರುವುದಕ್ಕೆ ಎಷ್ಟು ಹಣ, ಎಷ್ಟು ಕಲಹ ಬೇಕಾಗುತ್ತದೆಂಬುದನ್ನು ಆ ನಗರವು ತೋರಿಸಿಕೊಟ್ಟಿದೆ.

ಜನರನ್ನು ಕೇಳಿದರೆ ಎಲ್ಲರೂ ಬೇಡವೆನ್ನುವರು, ಆದುದರಿಂದ ಕೇಳುವುದೇ ವ್ಯರ್ಥವೆಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತಪ್ಪು ಜನರಲ್ಲಲ್ಲ, ಕೇಳುವ ಕ್ರಮದಲ್ಲಿದೆ. ಸ್ಥಳವನ್ನು ಗೊತ್ತುಮಾಡಿ, ನಕ್ಷೆ ಬರೆದು, ಆಮೇಲೆ ಸಭೆ ಕರೆದರೆ ಬೇಕು ಬೇಡಗಳ ಹೊರತು ಜನರಿಗೆ ಉಳಿಯುವ ಮಾತೇನು? ಸ್ಥಳಗಳನ್ನು ಹೋಲಿಸುವ ಹಂತದಲ್ಲಿಯೇ ಕೇಳಿದರೆ ಅವರು ಬೆಲೆಯುಳ್ಳ ಮಾತನ್ನೇ ಆಡುವರು. ಯಾವ ತೊರೆಯು ಎಲ್ಲಿಯವರೆಗೆ ಉಕ್ಕುತ್ತದೆ, ಯಾವ ಗುಡ್ಡ ಜಾರುತ್ತದೆ, ಆನೆಗಳು ಎಲ್ಲಿ ದಾಟುತ್ತವೆ ಎಂಬುದು ಊರಿನವರಿಗೆ ತಿಳಿದಷ್ಟು ಯಾವ ಎಂಜಿನಿಯರನಿಗೂ ತಿಳಿಯದು. ಕೊಳಚೆಯ ನೀರು ಎಲ್ಲಿಗೆ ಹರಿಯುವುದು, ಜಾಮರಿನ ಮಿತಿ ಎಷ್ಟು ಎಂಬ ಅವರ ಪ್ರಶ್ನೆಗಳೂ ನ್ಯಾಯವಾದುವೇ.

ಇನ್ನು ಕೆಲವರು, ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯಾ ಸಂಹಿತೆಯಂತೆ ಮೊದಲ ಸಲದ ಬಳಿಕ ಆರೋಪಿಯನ್ನು ದೃಶ್ಯಶ್ರಾವ್ಯ ಸಾಧನದ ಮೂಲಕವೂ ನ್ಯಾಯಾಧೀಶರೆದುರು ಹಾಜರುಪಡಿಸಬಹುದಾದುದರಿಂದ ದೂರವು ಬಾಧಕವಲ್ಲವೆನ್ನುತ್ತಾರೆ. ಪರದೆಯ ಮೇಲೆ ನ್ಯಾಯಾಧೀಶರು ಕಾಣಬಹುದು. ಆದರೆ ವಕೀಲರೊಡನೆ ಗುಟ್ಟಾಗಿ ಆಡಬೇಕಾದ ಮಾತು, ತಾಯಿಯ ಮುಖ, ಮಗುವಿನ ಕೈ ಇವು ಪರದೆಯಿಂದ ದೊರೆಯವು.

ಆದುದರಿಂದ ನಾವು ಸೂಚಿಸುವುದಿಷ್ಟು. ಸೆರೆಮನೆಯ ನಿವೇಶನವನ್ನು ಆರಿಸುವಾಗ ಸರ್ಕಾರದವರು ಕನಿಷ್ಠ ಮೂರು ಸ್ಥಳಗಳನ್ನು ಮುಂದಿಟ್ಟು, ನ್ಯಾಯಾಲಯ, ಆಸ್ಪತ್ರೆ, ಬಸ್ಸು ನಿಲ್ದಾಣಗಳಿಂದ ಪ್ರತಿಯೊಂದರ ದೂರವನ್ನೂ ಮಣ್ಣುನೀರಿನ ಗುಣವನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಭೂಮಿಯು ಸರ್ಕಾರದ್ದೇ ಆಗಿದ್ದರೂ ಗ್ರಾಮಸಭೆಯಲ್ಲಿ ಅಹವಾಲು ನಡೆಯಲಿ. ಆ ಸಭೆಯಲ್ಲಿ ನೆರೆಯವರಿಗೆ ಮಾತ್ರವಲ್ಲ, ವಕೀಲರಿಗೂ, ಸೆರೆಮನೆಯ ಸಿಬ್ಬಂದಿಗೂ, ಮುಖ್ಯವಾಗಿ ಕೈದಿಗಳ ಮನೆಯವರಿಗೂ ಆಸನವಿರಲಿ. ಕೈದಿಗಳ ಮನೆಯವರು ಇಂದು ಯಾವ ಅರ್ಜಿಯನ್ನೂ ಬರೆಯುವುದಿಲ್ಲ. ನಾಚಿಕೆಯಿಂದ ಬಾಯಿ ಕಟ್ಟಿಕೊಂಡಿದ್ದಾರೆ. ಪ್ರಜಾಭಿಪ್ರಾಯವೆಂದರೆ ಗಟ್ಟಿಯಾಗಿ ಕೂಗಬಲ್ಲವರ ಅಭಿಪ್ರಾಯವೆಂದಲ್ಲ. ಸೆರೆಮನೆಯ ಬಾಗಿಲಿಗೆ ಬುತ್ತಿ ಹಿಡಿದು ಬರುವವಳ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಭೆಯು ಎಷ್ಟು ದೊಡ್ಡದಾಗಿದ್ದರೂ ಅರ್ಧ ಸಭೆಯೇ ಸರಿ.