ಪ್ರಯೋಗಶಾಲೆಯಿಂದ ಅಡಿಗೆಯ ಮನೆಗೆ

ಮನೆಯ ಮಗನೋ ಮಗಳೋ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ "ಇನ್ನು ಕೆಲವು ವರ್ಷ ಸಂಶೋಧನೆ ಮಾಡುತ್ತೇನೆ" ಎಂದರೆ ನಾವು ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಸಂಪಾದನೆ ಯಾವಾಗ, ಮದುವೆ ಯಾವಾಗ, ಇದರಿಂದ ಲೋಕಕ್ಕೆ ಆಗುವ ಉಪಕಾರವಾದರೂ ಏನು ಎಂದು ಕೇಳುತ್ತೇವೆ. ಈ ಪ್ರಶ್ನೆಗಳು ಅಲ್ಲಗಳೆಯತಕ್ಕವಲ್ಲ. ಆದರೆ ಉತ್ತರ ನಿಶ್ಚಯಿಸುವ ಮೊದಲು ಒಬ್ಬ ಮಹಿಳೆಯ ಜೀವನವನ್ನು ನೋಡೋಣ.

ಕಮಲಾ ಸೊಹೋನಿಯವರ ತೌರುಮನೆಯ ಹೆಸರು ಭಾಗವತ್. ಅವರ ತಂದೆಯೂ ತಂದೆಯ ಸಹೋದರರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ತಾತಾ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. ಕಮಲಾ ಅವರು 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಹೆಂಗಸೆಂಬ ಒಂದೇ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಆಗ ನಿರ್ದೇಶಕರಾಗಿದ್ದವರು ಜಗದ್ವಿಖ್ಯಾತರಾದ ಸರ್ ಸಿ. ವಿ. ರಾಮನ್ ಅವರು. ಈಕೆ ಹೆದರದೆ ಅವರನ್ನೇ ಕಂಡು ಕಾರಣ ಕೇಳಿದರು. ಸ್ಥಳ ಸಿಕ್ಕುವವರೆಗೆ ಹಟ ಬಿಡಲಿಲ್ಲ. ಕಡೆಗೆ ಪ್ರವೇಶವೇನೋ ದೊರೆಯಿತು, ಆದರೆ ಷರತ್ತುಗಳೊಡನೆ. ಮೊದಲ ವರ್ಷ ಆಕೆ ಪರೀಕ್ಷಾರ್ಥವಾಗಿ ಇರತಕ್ಕದ್ದು. ಆಕೆಯಿಂದ ಗಂಡಸರ ಕೆಲಸಕ್ಕೆ ಅಡ್ಡಿಯಾಗತಕ್ಕದ್ದಲ್ಲ!

ಗುರುಗಳಾದ ಶ್ರೀನಿವಾಸಯ್ಯನವರ ಕೈಕೆಳಗೆ ಆಕೆ ಹಾಲು, ಬೇಳೆಕಾಳುಗಳ ಸಸಾರಜನಕವನ್ನು ಕುರಿತು ಕೆಲಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ನರಿಗೆ ತೃಪ್ತಿಯಾಯಿತು. ಆಮೇಲೆ ಬೇರೆ ಹೆಂಗಸರಿಗೂ ಆ ಬಾಗಿಲು ತೆರೆಯಿತು. ಮುಂದೆ ಕಮಲಾ ಅವರು ಕೇಂಬ್ರಿಜ್ಜಿಗೆ ಹೋಗಿ, ಸಸ್ಯಗಳ ಉಸಿರಾಟಕ್ಕೆ ನೆರವಾಗುವ ಒಂದು ವಸ್ತುವನ್ನು ಗುರುತಿಸಿ, 1939ರಲ್ಲಿ ಡಾಕ್ಟರೇಟ್ ಪಡೆದರು.

ಅಲ್ಲಿಯೇ ಉಳಿಯಬಹುದಾಗಿತ್ತು, ಉಳಿಯಲಿಲ್ಲ. ದಿಲ್ಲಿಯಲ್ಲಿ ಪಾಠ ಹೇಳಿದರು. ಕೂನೂರಿನ ಪೋಷಣ ಸಂಶೋಧನಾಲಯದಲ್ಲಿ ದುಡಿದರು. 1947ರಲ್ಲಿ ವಿವಾಹವಾದ ಬಳಿಕ ಮುಂಬಯಿಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ರಾಷ್ಟ್ರಪತಿ ರಾಜೇಂದ್ರಪ್ರಸಾದರ ಸೂಚನೆಯಂತೆ, ತಾಳೆ ಜಾತಿಯ ಮರಗಳಿಂದ ಇಳಿಸುವ ನೀರಾವನ್ನು ಪರೀಕ್ಷಿಸಿ, ಅದರಲ್ಲಿ ಜೀವಸತ್ತ್ವಗಳೂ ಕಬ್ಬಿಣದ ಅಂಶವೂ ಇರುವುದನ್ನು ತೋರಿಸಿದರು. ಬಡವರ ಮಕ್ಕಳಿಗೂ ಬಸುರಿಯರಿಗೂ ಅಗ್ಗವಾಗಿ ದೊರೆಯುವ ಪುಷ್ಟಿ ಅದು. ಇಷ್ಟಾದರೂ ಸಂಸ್ಥೆಯ ಮುಖ್ಯಾಧಿಕಾರ ಆಕೆಗೆ ತಡವಾಗಿಯೇ ಬಂದಿತು.

ಇಷ್ಟರಿಂದಲೇ ಆಕೆ ಸುಮ್ಮನಾಗಲಿಲ್ಲ. 1966ರಲ್ಲಿ ಮುಂಬಯಿಯ ಒಂಬತ್ತು ಮಂದಿ ಮಹಿಳೆಯರು ಕೊಳ್ಳುವವರ ಹಿತರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದರು. ಆ ಸಂಘದಲ್ಲಿ ಈಕೆಯೂ ದುಡಿದರು. ಸಂಘದ 'ಕೀಮತ್' ಪತ್ರಿಕೆಯಲ್ಲಿ ಕೊಳ್ಳುವವರಿಗೆ ತಿಳಿವಳಿಕೆ ನೀಡುವ ಲೇಖನಗಳನ್ನು ಬರೆದರು. 1998ರಲ್ಲಿ ತೀರಿಕೊಂಡರು.

ಹಿಂದೆ ಪಂಡಿತನಾದವನು ತನ್ನ ಗುರುಗಳಿಗೂ ಸಹಪಾಠಿಗಳಿಗೂ ಉತ್ತರ ಹೇಳಿದರೆ ಸಾಕಾಗಿತ್ತು. ಇಂದು ಅಂಗಡಿಯಿಂದ ಬೇಳೆ ತರುವ ಗೃಹಿಣಿಗೂ ಆತ ಉತ್ತರ ಹೇಳಬೇಕಾಗಿದೆ. ಇದು ವಿದ್ಯೆಗೆ ಕುಂದಲ್ಲ. ಅದರ ಋಣ ತೀರಿಸುವ ದಾರಿ. ಆದರೆ ಕೇಂಬ್ರಿಜ್ಜಿನ ಆ ಸೂಕ್ಷ್ಮ ವಿದ್ಯೆಯಿಲ್ಲದೆ ನೀರಾದ ಗುಣ ಹೊರಬೀಳುತ್ತಿರಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಬೀಜ ಬಿತ್ತಿದ ದಿನವೇ ಕಣಜವನ್ನು ನೋಡಲಾದೀತೆ?

ಆದ್ದರಿಂದ ಮಗಳು ಬಂದು "ಇನ್ನೂ ಓದುತ್ತೇನೆ" ಎಂದಾಗ, ಆ ಕೆಲಸದಲ್ಲಿ ಸಂಬಳ ತಡವಾಗಿ ಬರುತ್ತದೆ, ಊರೂರು ತಿರುಗಬೇಕಾದೀತು ಎಂಬ ಕಷ್ಟವನ್ನು ಮುಚ್ಚಿಡದೆ ಹೇಳೋಣ. ಹೇಳಿದ ಮೇಲೆ ದಾರಿಯನ್ನು ಬಿಟ್ಟುಕೊಡೋಣ. ಬಾಗಿಲಲ್ಲಿ ಷರತ್ತುಗಳನ್ನು ಹಾಕುವವರು ಹೊರಗೆ ಬೇಕಾದಷ್ಟು ಮಂದಿ ಇದ್ದಾರೆ. ಮನೆಯವರೂ ಅವರ ಸಾಲಿನಲ್ಲಿ ನಿಲ್ಲುವುದು ಬೇಡ.