ಫೋನಿನ ಸಂತೆ: 'ಲೈಕ್' ಒತ್ತಿದವರೆಲ್ಲ ಗಿರಾಕಿಗಳಲ್ಲ

ಬೆಳೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರುವ ಹೊತ್ತಿಗೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ. ದರ ಹೇಳುವವನೂ ಅವನೇ, ತೂಗುವವನೂ ಅವನೇ. ಈಗ ಎಲ್ಲರ ಕಿಸೆಯಲ್ಲೂ ಫೋನು ಬಂದಿದೆ. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅಂತ ನಾಲ್ಕಾರು ಸಂತೆಗಳು ಅದರೊಳಗೇ ನೆರೆದಿವೆ. "ಅಲ್ಲಿ ಹಾಕಿ ಮಾರಾಯ್ರೆ, ಎಲ್ಲ ಖರ್ಚಾಗ್ತದೆ" ಎನ್ನುವವರು ಊರಿಗೆ ಹತ್ತು ಮಂದಿ. ಹಾಕಿದವರಲ್ಲಿ ಕೆಲವರಿಗೆ ಖರ್ಚಾಗಿದೆ, ಬಹಳ ಮಂದಿಗೆ ಆಗಿಲ್ಲ. ಯಾಕೆ?

ನಾನು ಸದಸ್ಯನಾಗಿರುವ ರೈತ ಉತ್ಪಾದಕ ಕಂಪನಿಯಲ್ಲಿ ಇದು ದುಡ್ಡಿನ ಪ್ರಶ್ನೆಯಾಗಿಯೇ ಎದುರಾಯಿತು. ನಮ್ಮದು ಸಣ್ಣ ಕಂಪನಿ. ತೆಂಗಿನೆಣ್ಣೆ, ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಬಾಳೆಕಾಯಿ ಹುಡಿ ನಮ್ಮ ಸರಕು. ಪೇಟೆಯ ಪ್ರಚಾರ ಸಂಸ್ಥೆಯೊಂದು ಬಂದು, ತಿಂಗಳಿಗಿಷ್ಟು ಕೊಟ್ಟರೆ ವರ್ಷದೊಳಗೆ ನಿಮ್ಮ ಪುಟಕ್ಕೆ ಸಾವಿರಾರು 'ಫಾಲೋವರ್'ಗಳನ್ನು ಮಾಡಿಕೊಡುತ್ತೇವೆ ಎಂದಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಆ ಮೊತ್ತ, ಡ್ರೈಯರಿಗೆಂದು ನಾವು ಶೇರು ಹಣದಲ್ಲಿ ತೆಗೆದಿಟ್ಟಷ್ಟೇ ಆಗುತ್ತಿತ್ತು. ಡ್ರೈಯರ್ ಬೇಕೋ, ಪ್ರಚಾರ ಬೇಕೋ? ಸಭೆ ಎರಡು ಪಾಲಾಯಿತು. ಮಳೆಗಾಲದಲ್ಲಿ ಡ್ರೈಯರ್ ಇಲ್ಲದೆ ಕೈಸುಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಬೇರೆಯವರು ಈ ಸಂತೆಯಲ್ಲಿ ಏನು ಮಾಡಿದ್ದಾರೆ, ಏನಾಗಿದೆ ಎಂದು ಮೊದಲು ನೋಡೋಣ ಎಂದೆ. ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಬಾಕಾಹು ಕಲಿಸಿದ್ದು

2021ರ ಲಾಕ್‌ಡೌನ್ ನೆನಪಿದೆಯಲ್ಲ? ಬಾಳೆಗೊನೆಗೆ ಕೇಳುವವರಿರಲಿಲ್ಲ. ಆಗ ಅಡಿಕೆ ಪತ್ರಿಕೆ ಬಾಳೆಕಾಯಿ ಹುಡಿಯ ಆಂದೋಲನ ಹೊರಡಿಸಿತು. ಬಲಿತ ಬಾಳೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಒಣಗಿಸಿ, ಹುಡಿ ಮಾಡುವುದು. ಮೂರೂ ಶಬ್ದಗಳ ಮೊದಲಕ್ಷರ ಸೇರಿಸಿ 'ಬಾಕಾಹು' ಎಂದು ಹೆಸರಿಟ್ಟರು. ಇಡೀ ಕೆಲಸ ನಡೆದದ್ದು ವಾಟ್ಸಾಪ್ ಗುಂಪಿನಲ್ಲಿ. ಉತ್ತರ ಕನ್ನಡ, ದಕ್ಷಿಣ ಕನ್ನಡ, ತುಮಕೂರು ಕಡೆಯ ಗೃಹಿಣಿಯರು ಹುಡಿ ಮಾಡಿದರು. ದೋಸೆ ಹೊಯ್ದರು, ಗುಲಾಬ್ ಜಾಮೂನು ಮಾಡಿದರು, ಫೋಟೋ ತೆಗೆದು ಹಾಕಿದರು. ಒಬ್ಬರದ್ದು ನೋಡಿ ಇನ್ನೊಬ್ಬರು ಮಾಡಿದರು. 2021ರ ಜುಲೈ 25ರಂದು ಪ್ರಧಾನಿ ನರೇಂದ್ರ ಮೋದಿಯವರು 'ಮನ್ ಕೀ ಬಾತ್'ನಲ್ಲಿ ಈ ಮಹಿಳೆಯರ ಕೆಲಸವನ್ನು ಹೇಳಿದರು. ಅವರ ಚಿತ್ರಗಳನ್ನು ಜಾಲತಾಣದಲ್ಲಿ ನೋಡಿ ಹುಡಿಗೆ ಬೇಡಿಕೆ ಹೆಚ್ಚಾಯಿತು ಎಂಬುದನ್ನೂ ಹೇಳಿದರು.

ಇಲ್ಲಿ ಗಮನಿಸಬೇಕಾದ್ದೊಂದಿದೆ. "ನಮ್ಮ ಹುಡಿ ಕೊಳ್ಳಿ" ಎಂದು ಹೇಳಿ ಇದು ಹಬ್ಬಲಿಲ್ಲ. "ಇವತ್ತು ನಮ್ಮಲ್ಲಿ ಈ ದೋಸೆ" ಎಂದು ಹೇಳಿ ಹಬ್ಬಿತು. ಹೊಸ ವಸ್ತುವನ್ನು ಕಂಡವರ ಮೊದಲ ಪ್ರಶ್ನೆ ದರದ್ದಲ್ಲ, "ಇದನ್ನು ಏನು ಮಾಡುವುದು?" ಎಂಬುದು. ಅದಕ್ಕೆ ಉತ್ತರ ಅಡುಗೆಮನೆಯ ಫೋಟೋದಲ್ಲಿತ್ತು. ಹೆಸರೂ ಚಿಕ್ಕದು, ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಎರಡು ಸಾಲು ಎಬ್ಬಿಸಿದ ಗಲಾಟೆ

ಎರಡನೆಯದು ದೊಡ್ಡವರ ಕಥೆ. ಅಮುಲ್ ಗುಜರಾತಿನ ಹಾಲು ಉತ್ಪಾದಕರ ಸಹಕಾರಿ ಸಂಸ್ಥೆ. ಅಮುಲ್ ಹುಡುಗಿ 1966ರಿಂದ ಇದ್ದಾಳೆ. ಊರಲ್ಲಿ ಏನು ಸುದ್ದಿಯೋ ಅದರ ಮೇಲೊಂದು ನಗೆಮಾತು, ಕೊನೆಗೆ ಬೆಣ್ಣೆಯ ಹೆಸರು. ಆ ಕಾಲದಲ್ಲಿ ರಸ್ತೆಬದಿಯ ಫಲಕದಲ್ಲಿದ್ದವಳು ಈಗ ಫೋನಿಗೂ ಬಂದಿದ್ದಾಳೆ. "ಬೆಣ್ಣೆ ತಗೊಳ್ಳಿ" ಎಂದು ಪೀಡಿಸುವುದಿಲ್ಲ. ಅದಕ್ಕೇ ಜನ ನೋಡುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ.

ಇಷ್ಟು ಪಳಗಿದ ಸಂಸ್ಥೆ 2023ರ ಏಪ್ರಿಲ್ 5ರಂದು, ಬೆಂಗಳೂರಿಗೆ ಹಾಲು-ಮೊಸರು ತರುತ್ತಿದ್ದೇವೆ ಎಂದು ಟ್ವಿಟರಿನಲ್ಲಿ ಎರಡು ಸಾಲು ಬರೆಯಿತು. ರಾಜ್ಯದಲ್ಲಿ ಚುನಾವಣೆಯ ಹೊತ್ತು. ಅಮುಲ್ ಮತ್ತು ಕೆಎಂಎಫ್ ಒಟ್ಟಾಗಿ ಕೆಲಸ ಮಾಡಬೇಕು ಎಂದು ಅಮಿತ್ ಶಾ ಅವರು 2022ರ ಡಿಸೆಂಬರಿನಲ್ಲಿ ಮಂಡ್ಯ ಜಿಲ್ಲೆಯಲ್ಲಿ ಆಡಿದ ಮಾತು ಜನರ ಮನಸ್ಸಿನಲ್ಲಿ ಹಸಿಯಾಗಿತ್ತು. 'ನಂದಿನಿ ಉಳಿಸಿ' ಎಂಬ ಕೂಗು ಅದೇ ಟ್ವಿಟರಿನಲ್ಲಿ ಎದ್ದಿತು. ಬೆಂಗಳೂರಿನ ಹೋಟೆಲು ಮಾಲಿಕರ ಸಂಘ ನಂದಿನಿ ಹಾಲನ್ನೇ ಬಳಸುತ್ತೇವೆ ಎಂದಿತು. ಅತ್ತಲೂ ಇತ್ತಲೂ ಹಾಲು ಹಾಕುವವರು ರೈತರೇ. ಆದರೂ ಕೇಳುವವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಬರೆದ ಎರಡು ಸಾಲು, ಹಾಲಿಗಿಂತ ಮೊದಲು ಜಗಳವನ್ನು ತಂದಿತು.

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಓದುಗ ಅದರ ಕೆಳಗೆ ಉತ್ತರ ಬರೆಯಲಾರ. ಫೋನಿನಲ್ಲಿ ಬರೆಯುತ್ತಾನೆ, ಹತ್ತು ಮಂದಿಗೆ ತೋರಿಸುತ್ತಾನೆ. ಹಾಗಾಗಿ ಇಲ್ಲಿ ಜಾಹೀರಾತು ಅಂದರೆ ಮಾತುಕತೆ. ಮಾತಾಡಲು ಒಬ್ಬರು ಕೂತಿರಬೇಕು. ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: ನಮ್ಮ ಎಣ್ಣೆಯ ವಾಸನೆ ಗೊತ್ತಿಲ್ಲದವನು ಪೇಟೆಯಲ್ಲಿ ಕೂತು ನಮ್ಮ ಪರವಾಗಿ ಏನು ಮಾತಾಡ್ತಾನೆ?

ಮನೆಯವರೇ ಮಾತಾಡಿದರೆ

ಡ್ರೈಯರ್ ತೆಗೆದುಕೊಳ್ಳುವುದು, ಪ್ರಚಾರವನ್ನು ಮೂರು ತಿಂಗಳು ನಾವೇ ಮಾಡಿ ನೋಡುವುದು ಎಂದು ತೀರ್ಮಾನವಾಯಿತು. ಬಿ.ಕಾಂ. ಓದಿದ ಸದಸ್ಯರ ಸೊಸೆಯೊಬ್ಬರು ದಿನಕ್ಕೆರಡು ಗಂಟೆ ಕೂರಲು ಒಪ್ಪಿದರು. ಅವರಿಗೆ ಗೌರವಧನ. ಕಂಪನಿ ಹೆಸರಿನಲ್ಲೇ ಒಂದು ಸಿಮ್ ತೆಗೆದೆವು. ಯಾರದೋ ಸ್ವಂತ ನಂಬರಿನಲ್ಲಿ ಶುರು ಮಾಡಿದರೆ, ಅವರು ಬಿಟ್ಟು ಹೋದ ದಿನ ಗಿರಾಕಿಗಳೂ ಅವರ ಹಿಂದೆ ಹೋಗುತ್ತಾರೆ.

ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಒಂದು ಫೋಟೋ ಬಂತು. ಬಾಟಲಿಯಲ್ಲಿ ಎಣ್ಣೆ ಬಿಳಿ ಗಟ್ಟಿ.

"ಏನ್ರೀ, ಮೇಣ ಬೆರೆಸಿದ್ದೀರಾ?"

"ಇಲ್ಲ ಅಕ್ಕ. ಶುದ್ಧ ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಬಂದರೆ ಗಟ್ಟಿ ಆಗ್ತದೆ. ಬಾಟಲಿಯನ್ನು ಬಿಸಿಲಲ್ಲಿಡಿ, ಕರಗ್ತದೆ. ಕರಗಿದ ಮೇಲೆ ಇನ್ನೊಂದು ಫೋಟೋ ಹಾಕಿ."

ಆ ಅಕ್ಕ ಹಾಕಿದರು. ಅವರ ಒಪ್ಪಿಗೆ ಪಡೆದು ಎರಡೂ ಫೋಟೋಗಳನ್ನು ನಮ್ಮ ಪುಟದಲ್ಲಿ ಹಾಕಿ, "ಚಳಿಗೆ ಎಣ್ಣೆ ಹೀಗಾಗ್ತದೆ, ಹೆದರಬೇಡಿ" ಎಂದು ಎರಡು ಸಾಲು ಬರೆದರು ನಮ್ಮ ಸೊಸೆ. ಆ ವಾರ ಎಣ್ಣೆ ಕೇಳಿದವರಲ್ಲಿ ಹಲವರು ಈ ಫೋಟೋ ನೋಡಿಯೇ ಬಂದವರು. ದೂರನ್ನು ಅಳಿಸಿ ಹಾಕುತ್ತಿದ್ದರೆ ಅಷ್ಟೂ ಹೋಗುತ್ತಿತ್ತು. ನಮ್ಮ ಸರಕಿನ ಗುಣ ನಮಗೆ ಗೊತ್ತು, ಪೇಟೆಯವರಿಗೆ ಗೊತ್ತಿಲ್ಲ. ಅದನ್ನು ಅವರು ಕೇಳುವ ಮೊದಲೇ ಹೇಳಿಬಿಡುವುದು ಅತ್ಯಂತ ಒಳ್ಳೆಯ ಪ್ರಚಾರ.

ಯಾವುದು ಯಾವುದಕ್ಕೆ

ವಾಟ್ಸಾಪಿನಲ್ಲಿ ವ್ಯಾಪಾರಕ್ಕೆಂದೇ ಬೇರೆ ಆಪ್ ಇದೆ. 2018ರಲ್ಲಿ ಬಂದದ್ದು, ದುಡ್ಡು ಕೊಡಬೇಕಾಗಿಲ್ಲ. ಸರಕಿನ ಫೋಟೋ, ತೂಕ, ದರ ಎಲ್ಲ ಒಂದೇ ಕಡೆ ಜೋಡಿಸಿಡಬಹುದು. "ದರಕ್ಕೆ ಫೋನ್ ಮಾಡಿ" ಎಂದು ಬರೆಯಬೇಡಿ. ದರ ಮುಚ್ಚಿಟ್ಟ ಅಂಗಡಿಗೆ ಜನ ಹತ್ತುವುದಿಲ್ಲ. ಸಾಗಾಟದ ಖರ್ಚನ್ನೂ ಸೇರಿಸಿಯೇ ಹೇಳಿ.

ಬ್ರಾಡ್‌ಕಾಸ್ಟ್ ಪಟ್ಟಿ ಎಂಬುದಿದೆ. ಒಂದು ಪಟ್ಟಿಗೆ 256 ಮಂದಿಯನ್ನು ಸೇರಿಸಬಹುದು. ಒಂದು ಗುಟ್ಟು ನೆನಪಿಡಿ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಪ್ರತಿ ಪ್ಯಾಕೆಟಿನ ಮೇಲೆ ನಂಬರು ಅಚ್ಚಾಗಿರಲಿ. "ಸೇವ್ ಮಾಡಿಕೊಳ್ಳಿ" ಎಂದು ಒಂದು ಸಾಲೂ ಇರಲಿ.

ಗುಂಪು ಮಾಡಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಶುಭೋದಯ, ರಾಜಕೀಯ ಶುರುವಾದರೆ ಗಿರಾಕಿ ಹೊರಗೆ ಹೋಗುತ್ತಾನೆ. ಗುಂಪು ಬಾಕಾಹುವಿನ ಹಾಗೆ ಕಲಿಯುವ, ಕಲಿಸುವ ಕೆಲಸಕ್ಕೆ ಒಳ್ಳೆಯದು. ಬರೀ ಸುದ್ದಿ ಮುಟ್ಟಿಸಲು, 2023ರಲ್ಲಿ ಬಂದ 'ಚಾನೆಲ್' ಸಾಕು. ಅಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ.

"ಎಲ್ಲರಿಗೂ ಫಾರ್ವರ್ಡ್ ಮಾಡಿ" ಎಂಬುದನ್ನೂ ನೆಚ್ಚಬೇಡಿ. ಬಹಳ ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಮಾತ್ರ ಕಳಿಸಲು ಆಗುವ ಹಾಗೆ 2020ರ ಏಪ್ರಿಲಿನಲ್ಲೇ ವಾಟ್ಸಾಪ್ ಕಡಿವಾಣ ಹಾಕಿದೆ.

ಫೇಸ್‌ಬುಕ್ ಪುಟದ ಕಥೆ ಬೇರೆ. ವ್ಯಾಪಾರದ ಪುಟಗಳಿಗಿಂತ ಬಂಧು-ಮಿತ್ರರ ಸುದ್ದಿಯನ್ನು ಮುಂದೆ ತೋರಿಸುತ್ತೇವೆ ಎಂದು 2018ರಲ್ಲಿ ಆ ಕಂಪನಿಯೇ ಹೇಳಿತು. ನಮ್ಮ ಪುಟ ಒಪ್ಪಿದವರಿಗೆಲ್ಲ ನಾವು ಬರೆದದ್ದು ಕಾಣುತ್ತದೆ ಎಂದು ಎಣಿಸುವ ಹಾಗಿಲ್ಲ. ಹೆಚ್ಚು ಜನಕ್ಕೆ ಕಾಣಬೇಕಾದರೆ ದುಡ್ಡು ಕೊಟ್ಟು 'ಬೂಸ್ಟ್' ಮಾಡಿ ಎನ್ನುತ್ತದೆ. ಯಾವ ಊರಿನವರಿಗೆ, ಯಾವ ವಯಸ್ಸಿನವರಿಗೆ, ಎಷ್ಟು ದಿನ ಎಂದು ನಾವೇ ಆರಿಸಬಹುದು. ಸರಕು ಕೈಯಲ್ಲಿದ್ದು, ಕಳಿಸುವ ವ್ಯವಸ್ಥೆ ಸರಿಯಿದ್ದಾಗ ಸಣ್ಣ ಮೊತ್ತ ಹಾಕಿ ನೋಡಲು ಅಡ್ಡಿಯಿಲ್ಲ.

ಹಸಿ ತರಕಾರಿ, ಹಣ್ಣು ಹತ್ತಿರದ ಪೇಟೆಯ ಗಿರಾಕಿಗಳಿದ್ದರೆ ಮಾತ್ರ ಈ ದಾರಿಗೆ ಒಗ್ಗುತ್ತದೆ. ದೂರಕ್ಕೆ ಒಣಗಿದ್ದು, ಬಾಟಲಿಯಲ್ಲಿ ತುಂಬಿದ್ದು, ಹುಡಿ ಮಾಡಿದ್ದು ಸರಿ. ಅಡಿಕೆಯನ್ನು ನಾವು ಈಗಲೂ ಮಂಡಿಗೇ ಕೊಡುತ್ತೇವೆ.

ನಾಲ್ಕು ಕಾಲಮ್ಮಿನ ಪುಸ್ತಕ

ಲಾಭವಾಯಿತೋ ಇಲ್ಲವೋ ಎಂದು ತಿಳಿಯಲು ನಮ್ಮಲ್ಲಿರುವುದು ಒಂದು ಇನ್ನೂರು ಪುಟದ ನೋಟು ಪುಸ್ತಕ. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ವಿಚಾರಿಸಿದರು, ಎಷ್ಟು ಮಂದಿ ದುಡ್ಡು ಹಾಕಿದರು, ಎಷ್ಟು ಮಂದಿ ಎರಡನೇ ಸಲ ತರಿಸಿಕೊಂಡರು. ಮೊದಲ ಕಾಲಮ್ಮಿನ ಸಂಖ್ಯೆ ದೊಡ್ಡದಾಗಿಯೇ ಇರುತ್ತದೆ, ಅದರಿಂದ ಗಂಜಿ ಬೇಯುವುದಿಲ್ಲ. ಎರಡನೆಯದು ಇದ್ದು ಮೂರನೆಯದು ಕಮ್ಮಿಯಾದರೆ ದರದಲ್ಲೋ ಸಾಗಾಟದ ಖರ್ಚಿನಲ್ಲೋ ತೊಡಕಿದೆ ಎಂದರ್ಥ. ಮೂರನೆಯದು ಇದ್ದು ನಾಲ್ಕನೆಯದು ಇಲ್ಲವಾದರೆ ಸರಕನ್ನೇ ಪರೀಕ್ಷಿಸಬೇಕು.

ನಮ್ಮ ಹಪ್ಪಳದಲ್ಲಿ ಹೀಗೇ ಆಯಿತು. ಮೊದಲ ಸಲ ಕೊಂಡವರು ತಿರುಗಿ ಬರಲಿಲ್ಲ. ಕೇಳಿದಾಗ, ದಾರಿಯಲ್ಲಿ ಪುಡಿಯಾಗಿ ಬರ್ತದೆ ಎಂದರು. ಗಟ್ಟಿ ರಟ್ಟಿನ ಪೆಟ್ಟಿಗೆ ಮಾಡಿಸಿದೆವು. ನಾಲ್ಕನೆಯ ಕಾಲಮ್ಮು ನಿಧಾನಕ್ಕೆ ತುಂಬತೊಡಗಿತು. ಫಾಲೋವರ್ ಲೆಕ್ಕ ಎಷ್ಟು ನೋಡಿದರೂ ಇದು ಗೊತ್ತಾಗುತ್ತಿರಲಿಲ್ಲ.

ಎಚ್ಚರವಿರಲಿ

ಆಹಾರ ವಸ್ತು ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಪ್ಯಾಕೆಟಿನ ಮೇಲೆ ಅದರ 14 ಅಂಕಿಯ ಸಂಖ್ಯೆ, ತೂಕ, ದರ, ತಯಾರಾದ ದಿನ, ವಿಳಾಸ ಇರಬೇಕು.

"ಸಕ್ಕರೆ ಕಾಯಿಲೆ ವಾಸಿಯಾಗ್ತದೆ" ಎಂದೆಲ್ಲ ಬರೆಯಬೇಡಿ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಕಾನೂನು ಬಿಡಿ, ಔಷಧಿ ನಿಲ್ಲಿಸಿ ನಮ್ಮ ಹುಡಿ ನೆಚ್ಚಿದವರಿಗೆ ಏನಾದರೂ ಆದರೆ?

ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವ 'ಗಿರಾಕಿ'ಗಳು ಬರುತ್ತಾರೆ. ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಪಿನ್ ಕೇಳಿದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಸಿಕ್ಕಿಬಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪ್ರಚಾರ ಸಂಸ್ಥೆಗಳೇ ಬೇಡ ಎಂದು ನಾನು ಹೇಳುವುದಿಲ್ಲ. ನಾಳೆ ಸರಕು ಹೆಚ್ಚಾಗಿ ನಮ್ಮ ಕೈಮೀರಿದರೆ ನಾವೂ ಕರೆಯಬೇಕಾದೀತು. ಕರೆಯುವ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮಾತ್ರ ಬರೆದಿಟ್ಟಿದ್ದೇವೆ. ಪುಟದ ಪಾಸ್‌ವರ್ಡ್ ಯಾರ ಕೈಯಲ್ಲಿರುತ್ತದೆ? ಗಿರಾಕಿ ಪ್ರಶ್ನೆ ಕೇಳಿದರೆ ಉತ್ತರಿಸುವವರು ಯಾರು? ಫಾಲೋವರ್ ಲೆಕ್ಕ ಬಿಟ್ಟು, ಎರಡನೇ ಸಲ ಕೊಂಡವರ ಲೆಕ್ಕ ಕೊಡುತ್ತೀರಾ? ನಿಮ್ಮ ಸಂಘಕ್ಕೂ ಇಂಥವರು ಬಂದರೆ ಈ ಮೂರನ್ನು ಕೇಳಿ ನೋಡಿ. ಮೂರನೆಯದಕ್ಕೆ ಸರಿಯಾದ ಉತ್ತರ ಬಂದರೆ ಚಾ ಕೊಟ್ಟು ಕೂರಿಸಿ ಮಾತು ಮುಂದುವರಿಸಬಹುದು.